ಗೋಡೆಯಣ್ಣನ ಟ್ರಿಗರ್

ಬಂದೂಕು ಗುರಿಕಾರರ ಸಂಘದಲ್ಲಿ ಅವನನ್ನು ಎಲ್ಲರೂ ಗೋಡೆಯಣ್ಣ ಎನ್ನುತ್ತಿದ್ದರು. ಕೋವಿ ರಿಪೇರಿ ಅವನ ಕಸುಬು, ಉಪನ್ಯಾಸ ಅವನ ಚಟ. ಹಳೆಯ ಬೋಲ್ಟ್ ರೈಫಲ್ ಹಿಡಿದು ಯಾರೇ ಅಂಗಡಿಗೆ ಬರಲಿ, ಅದನ್ನು ಖಾಲಿ ಮಾಡಿ ಅವರ ಕೈಗೇ ವಾಪಸು ಕೊಟ್ಟು ಶುರುಮಾಡುತ್ತಿದ್ದ.

"ಟ್ರಿಗರ್ ಮೇಲೆ ಬೆರಳಿಡಿ. ಮೆಲ್ಲಗೆ ಎಳೀರಿ. ಮೊದಲು ಸಡಿಲ ಬರುತ್ತೆ. ಈಗ ತಡೀತಲ್ಲ, ಅದೇ ಗೋಡೆ! ಅಲ್ಲಿ ನಿಂತ್ಕೊಳ್ಳಿ, ಉಸಿರು ಹಿಡೀರಿ, ಗುರಿ ನೋಡಿ. ಆಮೇಲೆ ಒಂದು ಚೂರು ಒತ್ತಿದ್ರೆ ಸಾಕು."

ಹಲ್ಲು ಕೀಳಿಸಿಕೊಳ್ಳಲು ಬಂದವನ ಹಾಗೆ ಗಿರಾಕಿ ಮುಖ ಮಾಡಿಕೊಂಡು ಕೂತಿರುತ್ತಿದ್ದ. ಈಗಿನ ರೆಡಿಮೇಡ್ ಟ್ರಿಗರುಗಳಲ್ಲಿ ಸಡಿಲವೂ ಇಲ್ಲ, ಗೋಡೆಯೂ ಇಲ್ಲ. ಬೆರಳು ತಾಗಿದರೆ ಗುಂಡು ಹೊರಟಿತು. ಹಳೆಯದನ್ನು ಕಿತ್ತು ಅಂಥದನ್ನು ಹಾಕಿಕೊಡಿ ಎಂದವರನ್ನು ಅವನು ಬಹಳ ಮರ್ಯಾದೆಯಿಂದ ಹೊರಗೆ ಕಳಿಸುತ್ತಿದ್ದ.

ಅದೇ ಅಂಗಡಿಯ ಇನ್ನೊಂದು ಮೇಜು ತಮ್ಮನದು. ಅವನ ತಲೆಯೂ ನರೆತಿತ್ತು. ಕೋವಿಯ ಮರದ ಹಿಡಿಗೆ ಎಣ್ಣೆ ತಿಕ್ಕುವುದು, ತುಕ್ಕು ಬಿಡಿಸುವುದು ಅವನ ಪಾಲಿನ ಕೆಲಸ. ಟ್ರಿಗರ್ ಮಾತ್ರ ಮುಟ್ಟುವಂತಿರಲಿಲ್ಲ. "ನಿನ್ನ ಕೈ ಮರಕ್ಕೇ ಸರಿ ಕಣೋ" ಎಂದು ಅಣ್ಣ ಗಿರಾಕಿಗಳ ಎದುರೇ ಹೇಳುತ್ತಿದ್ದ, ಪ್ರೀತಿಯಿಂದ. ಪ್ರೀತಿಯಿಂದ ಎಂಬುದಕ್ಕೆ ಅಣ್ಣನೊಬ್ಬನೇ ಸಾಕ್ಷಿ.

ಅಪ್ಪ ಬಿಟ್ಟುಹೋದ ಬೇಟೆ ರೈಫಲೊಂದು ಮನೆಯ ಬೀರುವಿನಲ್ಲಿತ್ತು. ಅದರ ಟ್ರಿಗರನ್ನು ಗೋಡೆಯಣ್ಣ ಒಂದು ಚಳಿಗಾಲವಿಡೀ ಮಸೆಯುವ ಎಣ್ಣೆಗಲ್ಲಿಗೆ ತಿಕ್ಕಿ ತಿಕ್ಕಿ ನಯ ಮಾಡಿದ್ದ. ಅದಕ್ಕೆ ಸಮವಾದದ್ದು ಈ ಲೋಕದಲ್ಲಿಲ್ಲ ಎಂದು ಸಾರಿದ್ದ. ನಿಜ ಹೇಳಬೇಕೆಂದರೆ ಗೋಡೆಗೆ ಸ್ವಲ್ಪ ಮುಂಚೆ ಕೂದಲೆಳೆಯಷ್ಟು ಒಂದು ತರಿ ಉಳಿದುಬಿಟ್ಟಿತ್ತು. ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಅದು ಅವನಿಗೂ ಅವನ ಬೆರಳಿಗೂ ಮಾತ್ರ ಗೊತ್ತಿದ್ದ ವಿಷಯ.

ವರ್ಷಕ್ಕೊಮ್ಮೆ ಸಂಘದ ಸ್ಪರ್ಧೆಗೆ ಆ ರೈಫಲ್ ಹೊರಗೆ ಬರುತ್ತಿತ್ತು. ಒರೆಸಿ, ಚೀಲಕ್ಕೆ ಹಾಕಿ, ಹೊತ್ತು ತರುವುದು ತಮ್ಮ. ಗುರಿಯ ಮುಂದೆ ಮಲಗುವ ತನಕ ಅಣ್ಣ ಅದನ್ನು ಮುಟ್ಟುತ್ತಿರಲಿಲ್ಲ. "ನಾನೇ ಕೂರಿಸಿದ್ದನ್ನ ನಾನೇ ಪರೀಕ್ಷೆ ಮಾಡೋದಾ? ನನ್ನ ಕೈಗೆ ನಾನೇ ಅವಮಾನ ಮಾಡ್ಕೊಂಡ ಹಾಗೆ!"

ಈ ಸಲವೂ ಹಾಗೇ ಮಲಗಿದ. ಸಡಿಲ ತೆಗೆಯೋಣ ಎಂದು ಬೆರಳು ಎಳೆದದ್ದೇ ತಡ, ಢಂ! ಗುಂಡು ಗುರಿಹಲಗೆಗೆ ಎಷ್ಟೋ ಈಚೆ ನೆಲದ ಮಣ್ಣು ಹಾರಿಸಿತು.

"ಗೋಡೆಯಣ್ಣ, ಗೋಡೆ ಬಿದ್ದೋಯ್ತಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಮೈದಾನ ನಕ್ಕಿತು.

ಅವನು ರೈಫಲ್ ಖಾಲಿ ಮಾಡಿ ಪಕ್ಕಕ್ಕೆ ಒಯ್ದು, ಮಗುಚಿ, ತಿರುಪು ಬಿಚ್ಚಿ ನೋಡಿದ. ಒಳಗೆ ಹೊಚ್ಚಹೊಸ ರೆಡಿಮೇಡ್ ಟ್ರಿಗರ್ ಪಳಪಳ ಹೊಳೆಯುತ್ತಿತ್ತು. ತಮ್ಮನಿಗಾಗಿ ಕಣ್ಣು ಹಾಯಿಸಿದ. ಅವನು ಸಂಘದ ಅಧ್ಯಕ್ಷರ ಹಿಂದೆ ನಿಂತಿದ್ದ.

ಅಧ್ಯಕ್ಷರ ಬಳಿಯೂ ಅದೇ ಅಚ್ಚಿನ ರೈಫಲ್ ಇತ್ತು. ಆ ವರ್ಷದ ಬಹುಮಾನದ ಕಪ್ಪು ಅವರಿಗೇ ಬಂತು. ಕಪ್ಪನ್ನು ಕೈಕೂಸಿನ ಹಾಗೆ ಎತ್ತಿಕೊಂಡು, ರೈಫಲನ್ನು ಹೆಗಲಿಗೆ ಹಾಕಿಕೊಂಡು ಸೀದಾ ಗೋಡೆಯಣ್ಣನ ಹತ್ತಿರ ಬಂದರು.

"ನೀವು ಇಷ್ಟು ವರ್ಷ ಬರೀ ಭಾಷಣ ಮಾಡಿದ್ರಿ. ನಿಮ್ಮ ತಮ್ಮ ಬಾಯಿ ಬಿಡದೆ ಮಾಡಿ ತೋರಿಸಿದ್ರು! ಎಳೆದು ನೋಡಿ, ಖಾಲಿ ಇದೆ."

ಗೋಡೆಯಣ್ಣ ಬೆರಳಿಟ್ಟ. ಸಡಿಲ. ಆಮೇಲೆ ಕೂದಲೆಳೆಯಷ್ಟು ಆ ತರಿ. ಆಮೇಲೆ ಗೋಡೆ.

"ಚೆನ್ನಾಗಿದೆ," ಎಂದು ರೈಫಲ್ ವಾಪಸು ಕೊಟ್ಟ. ಅವನ ಜೀವಮಾನದಲ್ಲೇ ಅತಿ ಚಿಕ್ಕ ಉಪನ್ಯಾಸ ಅದು.

ಮರುದಿನ ಅಂಗಡಿ ತೆರೆದು ಇಬ್ಬರೂ ತಂತಮ್ಮ ಮೇಜಿಗೆ ಕೂತರು. ಕೊನೆಗೆ ಅಣ್ಣನೇ ಬಾಯಿಬಿಟ್ಟ.

"ಕೇಳಬಹುದಿತ್ತಲ್ಲೋ."

"ಕೇಳಿದ್ರೆ ಕೊಡ್ತಿದ್ಯಾ?"

"ಇಲ್ಲ."

"ಮತ್ತೆ?"

"ಅಧ್ಯಕ್ಷರಿಗೆ ನನ್ನ ಟ್ರಿಗರ್ ಕೊಟ್ಟಿದ್ದು ಹಾಳಾಗ್ಲಿ. ನಾನೇ ಮಾಡಿದ್ದು ಅಂತ ಹೇಳ್ಕೊಂಡ್ಯಲ್ಲ!"

"ಅವರು ಯಾವತ್ತೂ ನನ್ನನ್ನ ನಿನ್ನ ತಮ್ಮ ಅಂತಲೇ ಕರೀತಿದ್ರು. ಟ್ರಿಗರ್ ಹಾಕಿಕೊಟ್ಟ ದಿನ ಮೇಷ್ಟ್ರೇ ಅಂದ್ರು, ಅಣ್ಣ."

"ನಾನು ಮಣ್ಣಿಗೆ ಹೊಡೆಯೋದನ್ನ ನೋಡ್ತಾ ನಿಂತಿದ್ಯಲ್ಲೋ."

"ಬೆರಳಿಟ್ಟ ಕೂಡ್ಲೇ ನಿನಗೆ ಗೊತ್ತಾಗುತ್ತೆ ಅಂದ್ಕೊಂಡೆ. ನಿನಗೆ ಗೊತ್ತಿಲ್ಲದ್ದು ಏನಿದೆ?"

ಅದು ಹೊಗಳಿಕೆಯೋ ಚುಚ್ಚುಮಾತೋ ಎಂದು ಅಣ್ಣ ಇನ್ನೂ ಯೋಚಿಸುತ್ತಿದ್ದಾಗಲೇ ಅಧ್ಯಕ್ಷರು ರೈಫಲ್ ಸಮೇತ ಒಳಗೆ ಬಂದರು. ಗೋಡೆಯಣ್ಣನ ಮೇಜನ್ನು ದಾಟಿ ತಮ್ಮನ ಮುಂದೆ ನಿಂತರು.

"ಮೇಷ್ಟ್ರೇ, ಎಲ್ಲಾ ಸರಿ, ಗೋಡೆಗೆ ಮುಂಚೆ ಏನೋ ಒಂಚೂರು ಕಚ್ಚುತ್ತೆ. ಅದೊಂದು ತೆಗೆದುಬಿಡಿ. ನಿಮ್ಮ ಕೈಗೆ ಅದೇನು ದೊಡ್ಡದಾ?"

ಅವರು ಹೋದ ಮೇಲೆ ತಮ್ಮ ಟ್ರಿಗರ್ ಬಿಚ್ಚಿದ. ಬಿಚ್ಚಿದವನು ಅಣ್ಣನ ಕಡೆ ನೋಡಿದ. ಅಣ್ಣ ತನ್ನ ಎಣ್ಣೆಗಲ್ಲನ್ನು, ಇಷ್ಟು ವರ್ಷ ಯಾರಿಗೂ ಮುಟ್ಟಗೊಡದಿದ್ದ ಕಲ್ಲನ್ನು, ಎದ್ದು ತಂದು ತಮ್ಮನ ಮೇಜಿನ ಮೇಲಿಟ್ಟ.

"ನೀನು ಮಾಡಿದ್ದಲ್ವಾ? ನೀನೇ ತೆಗಿ."

ತಮ್ಮನ ಮೇಜಿನಿಂದ ಅರ್ಧ ಮುಗಿದ ಮರದ ಹಿಡಿಯೊಂದನ್ನು ಎತ್ತಿಕೊಂಡು ತನ್ನ ಜಾಗಕ್ಕೆ ಹೋದ. ಬೆನ್ನು ತಿರುಗಿಸಿ ಕೂತು ಎಣ್ಣೆ ತಿಕ್ಕತೊಡಗಿದ. ಕಿವಿಯೆಲ್ಲ ಹಿಂದಕ್ಕಿತ್ತು. ಕಲ್ಲಿನ ಸದ್ದು ಬರಲಿಲ್ಲ. ಕಾಯುತ್ತಾ ಒಂದೇ ಕಡೆ ತಿಕ್ಕುತ್ತಿದ್ದ. ಎಣ್ಣೆ ಜಾಸ್ತಿಯಾಗಿ ಮರದ ಮೇಲೆ ಕಪ್ಪು ಕಲೆ ಏಳುತ್ತಿತ್ತು.

ತಮ್ಮ ಅದನ್ನು ನೋಡಿದ. ಮೈದಾನದಲ್ಲಿ ನೋಡಿದ ಹಾಗೇ ನೋಡುತ್ತಾ ಕೂತ.