ಅವ್ವ ಸೀರೆ ಹೊದಿಸಿದ ಗೋಡೆ

ಸಗಣಿ ಸಾರಿಸಿದ ನೆಲ ಇನ್ನೂ ಪೂರ್ತಿ ಆರಿರಬಾರದು, ಅದರ ಮೇಲೆ ಸೀಮೆಸುಣ್ಣದ ಪುಡಿ ಉದುರಬೇಕು. ಆಗ ಒಂದು ವಾಸನೆ ಏಳುತ್ತದೆ. ಮೂಗಿಗೆ ತಂಪಾಗಿ ಬಂದು ಗಂಟಲಲ್ಲಿ ಪುಡಿಯಾಗಿ ನಿಲ್ಲುತ್ತದೆ. ಹೋದ ವರ್ಷ ಒಂದು ಬೆಳಿಗ್ಗೆ ನಮ್ಮೂರ ಹೈಸ್ಕೂಲಿನ ಹೊಸ ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದೆ. ಪಕ್ಕದ ಮನೆಯವರು ಆಗಷ್ಟೇ ಬಾಗಿಲು ಸಾರಿಸಿ ರಂಗೋಲಿ ಬಿಟ್ಟು ಒಳಗೆ ಹೋಗಿದ್ದರು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹೊರಗೆ ಬಂದು ಡಸ್ಟರನ್ನು ಕಾಂಪೌಂಡಿಗೆ ಪಟಪಟ ಬಡಿದಳು. ಬಿಳಿ ಪುಡಿ ಗಾಳಿಯಲ್ಲಿ ತೇಲಿಹೋಗಿ ಆ ಹಸಿ ನೆಲದ ಮೇಲೆ ಕೂತಿತು. ಅಷ್ಟೇ. ಇದೇ ಜಾಗದಲ್ಲಿ ಇದ್ದ ನಮ್ಮ ಮನೆ, ನಾನೇ ಕೈಯಾರೆ ಕೆಡವಿದ ಮನೆ, ಮೂಗಿನೊಳಗೆ ಎದ್ದು ನಿಂತಿತು. ನಿಮಗೂ ಅಂಥದೊಂದು ವಾಸನೆ ಇದ್ದೀತು. ಅದು ಬಂದಾಗ ಅಳು ಬರುತ್ತದೆ ಎನ್ನುತ್ತಾರೆ. ನನಗೆ ಬರಲಿಲ್ಲ. ಕೈಕಾಲು ಜೋಮು ಹಿಡಿದಾಗ ಕಲ್ಲು ತಾಗಿದರೆ ಹೇಗಿರುತ್ತದೋ ಹಾಗಿತ್ತು.

ಹುಡುಗಿ ಡಸ್ಟರು ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ತಾತ, ಇವತ್ತು ಬರೋ ಸಾಯೇಬ್ರು ಒಪ್ಕೊಂಡ್ರೆ ಟೆಂತು ಇಲ್ಲೇ ಆಯ್ತದಂತೆ. ದಿಟ್ವಾ?"

"ದಿಟ ಕಣವ್ವ."

"ಒಪ್ದೆ ಓದ್ರೆ?"

ಅವಳೇ ಹೇಳಿದಳು. "ಪಟ್ಟಣಕ್ಕೆಲ್ಲ ಕಳ್ಸಕಿಲ್ಲ ಅಂದ್ಬುಟ್ಟದೆ ನಮ್ಮಪ್ಪ." ಹೇಳಿ ಒಳಗೆ ಹೋದಳು.

ತೊಣ್ಣೂರು ಕೆರೆಯಿಂದ ಪಾಂಡವಪುರದ ಕಡೆಗೆ ಬರುವ ದಾರಿಯಲ್ಲಿ ನಮ್ಮೂರು. ಊರ ಮುಂದೆ ನಮ್ಮ ತೊಟ್ಟಿಮನೆ. ನಡುವೆ ಆಕಾಶ ಕಾಣುವ ತೊಟ್ಟಿ, ಸುತ್ತ ಹಲಸಿನ ಮರದ ಕಂಬ, ಹೊರಗೆ ಎರಡು ಕಡೆ ಜಗಲಿ. ಬಲಗಡೆಯ ಜಗಲಿಯ ಮೇಲೆ ಯಾವಾಗಲೂ ಒಂದು ಹಿತ್ತಾಳೆ ಚೊಂಬಿನಲ್ಲಿ ನೀರು, ಅದರ ಮೇಲೆ ಮುಚ್ಚಿದ ತಟ್ಟೆಯಲ್ಲಿ ಒಂದು ಉಂಡೆ ಬೆಲ್ಲ. ನಮ್ಮ ಹೊಸಿಲು ಹತ್ತಿದವರಿಗೆ ಮೊದಲು ನೀರು, ಬೆಲ್ಲ, ಮಾತೇನಿದ್ದರೂ ಆಮೇಲೆ. ಬದುವಿನ ತಕರಾರಿಗೆ ಒಬ್ಬ ಕೂಗಾಡುತ್ತ ಬಂದಾಗಲೂ ಅವ್ವ ಚೊಂಬು ಮುಂದೆ ಹಿಡಿದು, "ಮೊದ್ಲು ಕುಡ್ಕಳಪ್ಪ, ಆಮ್ಯಾಲೆ ಬಯ್ಯೀವಂತೆ" ಎಂದಿದ್ದಳು. ಕುಡಿದ ಮೇಲೆ ಅವನಿಗೆ ಏನೆಂದು ಬಯ್ಯುವುದು ಎಂಬುದೇ ಮರೆತುಹೋಗಿ ಬೆಲ್ಲ ಕಚ್ಚಿಕೊಂಡು ಮಳೆಯ ವಿಚಾರ ಮಾತಾಡಿ ಹೋದ.

ಊರಿಗೆ ಹೈಸ್ಕೂಲು ಬೇಕೆಂದು ಅಪ್ಪ ತಾಲ್ಲೂಕು ಕಚೇರಿಗೂ ಮಂಡ್ಯಕ್ಕೂ ಅಲೆದು ಚಪ್ಪಲಿ ಸವೆಸಿದ ಮೇಲೆ ಅವರು ಕೊಟ್ಟದ್ದು ಹೈಸ್ಕೂಲಲ್ಲ, ಎಕ್ಸ್‌ಟೆನ್ಷನ್ನು. ಅಂದರೆ ಪಟ್ಟಣದ ಹೈಸ್ಕೂಲಿನದೇ ಒಂದು ತುಂಡನ್ನು ನಮ್ಮೂರಲ್ಲಿ ಕೂರಿಸುವುದು. ಪಾಠ ಇಲ್ಲಿ, ಹೆಸರು, ಹಾಜರಿ, ಪರೀಕ್ಷೆ, ಟಿ.ಸಿ. ಎಲ್ಲ ಅಲ್ಲಿ. ಎಂಟು, ಒಂಬತ್ತು ಎರಡೇ ಕ್ಲಾಸು. ಕಟ್ಟಡ ಎಲ್ಲಿ ಎಂದಾಗ ಅಪ್ಪ ಹಿಂದುಮುಂದು ನೋಡದೆ, "ನಮ್ಮನೇಲಿ" ಎಂದುಬಿಟ್ಟ. ನಡುಮನೆಯ ದೊಡ್ಡ ಗೋಡೆಗೆ ಇದ್ದಿಲು ಅರೆದು, ಸೊಪ್ಪಿನ ರಸ ಬೆರೆಸಿ, ತಾನೇ ಮೂರು ಕೈ ಬಳಿದು ಕರಿಹಲಗೆ ಮಾಡಿದ. ಇಟ್ಟಿಗೆಯ ಮೇಲೆ ಹಲಗೆ ಇಟ್ಟರೆ ಬೆಂಚು. ಪಟ್ಟಣದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಮೇಷ್ಟ್ರು ಒಬ್ಬರೇ, ಶಿವಲಿಂಗಯ್ಯನವರು. ಎಂಟರವರಿಗೆ ಲೆಕ್ಕ ಕೊಟ್ಟು ಒಂಬತ್ತರವರಿಗೆ ಪಾಠ ಹೇಳುತ್ತಿದ್ದರು; ಶನಿವಾರ ಹಾಜರಿ ಪುಸ್ತಕವನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಹೆಡ್‌ಮಾಸ್ಟರ ರುಜುವಿಗೆ ಒಯ್ಯುತ್ತಿದ್ದರು. ಕೊಟ್ಟಿಗೆಯ ಕರು ಹಗ್ಗ ಬಿಚ್ಚಿಕೊಂಡು ಬಂದು ಹುಡುಗರ ನಡುವೆ ನಿಂತರೆ, "ಲೇ ಕೆಂಪರಾಜ, ನಿಮ್ಮನೆ ಕರಕ್ಕೂ ಹಾಜರಿ ಹಾಕ್ಲಾ? ನಿನಗಿಂತ ದಿನಾ ಬತ್ತದೆ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ತಲೆ ತಗ್ಗಿಸಿ ಕರುವನ್ನು ಎಳೆದೊಯ್ಯುತ್ತಿದ್ದೆ. ಅವ್ವ ಬೆಳಿಗ್ಗೆ ಬೇಗ ಎದ್ದು ನಡುಮನೆ ಸಾರಿಸುತ್ತಿದ್ದಳು. ನಾವು ಬಂದು ಕೂರುವ ಹೊತ್ತಿಗೆ ಅದು ಅರ್ಧ ಆರಿರುತ್ತಿತ್ತು. ಮೇಷ್ಟ್ರು ಬರೆದಷ್ಟೂ ಸುಣ್ಣ ಅದರ ಮೇಲೆ ಉದುರುತ್ತಿತ್ತು. ಒಳಗಿನಿಂದ ಒಗ್ಗರಣೆಯ ಸದ್ದು ಬರುತ್ತಿತ್ತು. ನನಗೆ ಮನೆ ಯಾವುದು, ಶಾಲೆ ಯಾವುದು ಎಂಬ ಭೇದವೇ ಗೊತ್ತಿರಲಿಲ್ಲ. ಎರಡೂ ಒಂದೇ ಗೋಡೆಯಲ್ಲಿದ್ದವು.

ನಾನು ಒಂಬತ್ತರಲ್ಲಿದ್ದಾಗ ಆ ದಿನ ಬಂತು. ಎಕ್ಸ್‌ಟೆನ್ಷನ್ನನ್ನು ಸ್ವಂತ ಹೈಸ್ಕೂಲು ಮಾಡಬಹುದೋ ಇಲ್ಲವೋ ನೋಡಲು ಮೇಲಿನಿಂದ ಸಾಹೇಬರು ಬರುತ್ತಾರೆಂದು ಸುದ್ದಿ. ಒಪ್ಪಿದರೆ ಹತ್ತನೇ ಕ್ಲಾಸು ಇಲ್ಲೇ, ಇಲ್ಲದಿದ್ದರೆ ಇರುವುದೂ ಮುಚ್ಚುತ್ತದೆ. ಮುಂಚಿನ ದಿನ ಮೇಷ್ಟ್ರು ಸೈಕಲ್ಲು ಹತ್ತುವ ಮುಂಚೆ ಅಪ್ಪನಿಗೆ ಹೇಳಿದರು. "ಏನೂ ಮಾಡ್ಬ್ಯಾಡಿ ಗೌಡ್ರೆ. ಎಂಗದೋ ಅಂಗೇ ಇರ್ಲಿ."

"ಅದೆಂಗಾದದು ಮೇಷ್ಟ್ರೆ? ಅಷ್ಟು ದೊಡ್ಡೋರು ನಮ್ಮನೆಗೆ ಬತ್ತಾವ್ರೆ. ಅಂಗೇ ಬನ್ನಿ ಅನ್ನಕಾದದಾ?"

ಮೇಷ್ಟ್ರು ನಕ್ಕು ಹೋದರು. ಅಪ್ಪ ಬರೀ ಮಾತಿಗೆ ಹಾಗೆ ಆಡಿದ್ದು ಎಂದುಕೊಂಡಿರಬೇಕು. ಮರುದಿನ ಅವರು ಸಾಹೇಬರನ್ನು ಕರೆತರಲು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದರು. ಇತ್ತ ಅಪ್ಪ ಬೆಂಚಿನ ಹಲಗೆಗಳನ್ನೆಲ್ಲ ಕೊಟ್ಟಿಗೆಗೆ ಸಾಗಿಸಿದ. ಇಟ್ಟಿಗೆಗಳನ್ನು ಹಿತ್ತಲಿಗೆ ಹಾಕಿಸಿದ. ನಡುಮನೆಗೆ ಹೊಸ ಚಾಪೆ ಬಂತು, ಬಾಗಿಲಿಗೆ ಮಾವಿನೆಲೆ ಬಂತು. ಸಾಹೇಬರು ಮಾಂಸ ತಿನ್ನುವರೋ ಬಿಡುವರೋ ಗೊತ್ತಿಲ್ಲದೆ ಒಂದು ಒಲೆಯ ಮೇಲೆ ನಾಟಿಕೋಳಿ, ಇನ್ನೊಂದರ ಮೇಲೆ ಒಬ್ಬಟ್ಟು. "ಐಕ್ಳು ಗಲಾಟೆ ಮಾಡ್ತವೆ, ತ್ವಾಟದ ತಾವ್ಕೆ ಕರ್ಕೊಂಡೋಗೋ" ಎಂದು ಹುಡುಗರನ್ನೆಲ್ಲ ನನ್ನ ಜೊತೆ ಹೊರಗೆ ಅಟ್ಟಿದ. ಹೊರಡುವಾಗ ನಾನು ತಿರುಗಿ ನೋಡಿದೆ. ಅವ್ವ ಮಣೆಯ ಮೇಲೆ ನಿಂತು ತನ್ನ ಧಾರೆಸೀರೆಯನ್ನು ಆ ಕರಿಗೋಡೆಗೆ ಮೊಳೆ ಹೊಡೆದು ಹೊದಿಸುತ್ತಿದ್ದಳು. ಮನೆಗೆ ಬಂದವರ ಎದುರಿಗೆ ಅಷ್ಟು ದೊಡ್ಡ ಕಪ್ಪು ಕಾಣಬಾರದು ಎಂದು. ಹಸಿರು ಸೀರೆ, ಅರಿಸಿನದ ಅಂಚು. ಚೆನ್ನಾಗಿಯೇ ಕಾಣುತ್ತಿತ್ತು.

ಸಾಹೇಬರನ್ನು ಕರೆತಂದ ಮೇಷ್ಟ್ರು ಮನೆಯಲ್ಲಿ ಒಬ್ಬ ಹುಡುಗನೂ ಇಲ್ಲದ್ದು ಕಂಡು ತೋಟದ ಪಕ್ಕದ ಕಾಲುವೆಯ ದಂಡೆಗೆ ಓಡಿಬಂದಾಗ ನಾವು ಈಜುತ್ತಿದ್ದೆವು. ಅಷ್ಟು ದೊಡ್ಡ ಮನುಷ್ಯ ಪಂಚೆ ಎತ್ತಿ ಕಟ್ಟಿಕೊಂಡು ಓಡುವುದನ್ನು ಕಂಡು ನಗಾಡಿದೆವು. "ಬನ್ರೋ, ಬನ್ರಲಾ, ಬಟ್ಟೆ ಆಮ್ಯಾಲೆ ಹಾಕ್ಕಳಿ" ಎಂದು ಅವರು ಏದುಸಿರಿನಲ್ಲಿ ಕೂಗಿದರು. ನಾವು ಒದ್ದೆ ತಲೆಯಲ್ಲಿ, ಕೆಸರು ಕಾಲಲ್ಲಿ ಮನೆಗೆ ಬಂದಾಗ ಸಾಹೇಬರು ಎಲೆಯ ಮುಂದಿಂದ ಎದ್ದು ಕೈ ತೊಳೆಯುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಅವ್ವನಿಗೆ, "ಅಮ್ಮ, ಇಂಥ ಊಟ ಮಾಡಿ ಬಹಳ ದಿನ ಆಗಿತ್ತು" ಎಂದರು. ಮೇಷ್ಟ್ರು ಸೀರೆಯನ್ನು ಎಳೆದು ಕರಿಗೋಡೆ ತೋರಿಸಿದರು. ಸೀರೆಯ ಅಂಚು ಮೊಳೆಗೆ ಸಿಕ್ಕಿ ಹರಿಯಿತು. ಸಾಹೇಬರು ನೋಡಿದರು. ಬರೆಯುವುದನ್ನು ಅವರು ಆಗಲೇ ಬರೆದು ಮುಗಿಸಿದ್ದರು. ಅದರಲ್ಲಿ ಏನಿತ್ತೆಂದು ಮೇಷ್ಟ್ರು ಆಮೇಲೆ ಹೇಳಿದರು. ಇದು ಒಂದು ವಾಸದ ಮನೆ, ಇಲ್ಲಿ ತರಗತಿ ನಡೆಯುವ ಗುರುತು ಕಾಣಲಿಲ್ಲ ಎಂದು. ಸುಳ್ಳೇನೂ ಅಲ್ಲ. ಗುರುತನ್ನೆಲ್ಲ ನಾವೇ ಎತ್ತಿಟ್ಟಿದ್ದೆವು.

ವರ್ಷದ ಕೊನೆಗೆ ಎಕ್ಸ್‌ಟೆನ್ಷನ್ನು ಮುಚ್ಚಿತು. ಹತ್ತನೇ ಕ್ಲಾಸಿಗೆ ಸೇರಿಸಲು ಅಪ್ಪ ನನ್ನನ್ನು ಪಟ್ಟಣಕ್ಕೆ ಕರೆದೊಯ್ದ. ಅಲ್ಲಿ ಪುಸ್ತಕ ತಿರುಗಿಸುತ್ತಿದ್ದವನೊಬ್ಬ ನಮ್ಮೂರ ಹೆಸರು ಕೇಳಿ ತಲೆ ಎತ್ತಿ, "ಓಹೋ, ಸ್ಕೂಲು ತೋರ್ಸಿ ಅಂದ್ರೆ ಒಬ್ಬಟ್ಟು ಬಡಿಸ್ದೋರು ನೀವೇನಾ?" ಎಂದು ಪಕ್ಕದವನಿಗೆ ಕಣ್ಣು ಹೊಡೆದ. ಅಪ್ಪನೂ ಅವರ ಜೊತೆಗೆ ನಕ್ಕ. ಟವಲ್ಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಆ ನಗು ನೋಡಿದ ಮೇಲೆ ನಾನು ಅಲ್ಲಿ ನಿಲ್ಲಲಿಲ್ಲ. ಬಸ್ಸಿಗೂ ಕಾಯದೆ ನಡೆದುಕೊಂಡು ಊರಿಗೆ ಬಂದೆ. ನನ್ನನ್ನು ಶಾಲೆಯಿಂದ ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮಾರನೇ ದಿನ ಸೋದರಮಾವನ ಜೊತೆ ಗಾರೆ ಕೆಲಸಕ್ಕೆ ಹೋದೆ. ಶ್ರೀರಂಗಪಟ್ಟಣದಿಂದ ನಾಗಮಂಗಲದ ತನಕ ನಾನು ಎತ್ತಿದ ಗೋಡೆಗಳಿವೆ. ಒಂದಾದರೂ ಬಿರುಕು ಬಿಟ್ಟಿದೆ ಎಂದು ಯಾರಾದರೂ ತೋರಿಸಲಿ.

ಅಪ್ಪ ಆ ದಿನದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಮುಂದಿನ ಯುಗಾದಿಗೆ ಕರಿಗೋಡೆಗೆ ಸುಣ್ಣ ಬಳಿದ. ಕಪ್ಪು ಮುಚ್ಚಲಿಲ್ಲ, ಬೂದಿ ಬಣ್ಣವಾಗಿ ಉಳಿಯಿತು. ವರ್ಷವರ್ಷವೂ ಬಳಿದ. ಅವ್ವ ಹರಿದ ಅಂಚನ್ನು ಹೊಲಿದು ಆ ಸೀರೆಯನ್ನು ನನ್ನ ಮದುವೆಗೆ ಉಟ್ಟಳು. ಇಬ್ಬರೂ ಹೋಗಿ ಬಹಳ ಕಾಲವಾಯಿತು.

ಎಷ್ಟೋ ವರ್ಷ ಕಳೆದ ಮೇಲೆ ಊರಿಗೆ ಮತ್ತೆ ಎಕ್ಸ್‌ಟೆನ್ಷನ್ನು ಕೊಟ್ಟರು. ಈ ಸಲ ಡೈರಿಯ ಹಳೇ ಗೋಡೌನಿನಲ್ಲಿ. ಅದೇ ಎಂಟು, ಅದೇ ಒಂಬತ್ತು. ಈಚೆಗೆ ಮತ್ತೆ ಅದೇ ಮಾತು ಬಂತು: ಸ್ವಂತ ಜಾಗ, ಸ್ವಂತ ಕಟ್ಟಡ ಇದ್ದರೆ ಸ್ವಂತ ಹೈಸ್ಕೂಲು, ಇಲ್ಲದಿದ್ದರೆ ಇದೂ ಇಲ್ಲ. ಊರಲ್ಲಿ ಅಷ್ಟು ಅಗಲದ ಜಾಗ ಇದ್ದದ್ದು ನಮ್ಮದೇ, ಮನೆ, ಹಿತ್ತಲು, ಹಿಂದಿನ ಕಣ ಸೇರಿ. ಬರೆದುಕೊಟ್ಟೆ. ನಾವು ಕಾಲುವೆಯ ಪಕ್ಕದಲ್ಲಿ ಎರಡು ಕೋಣೆ ಕಟ್ಟಿಕೊಂಡು ಹೋದೆವು. ಕೆಡವಲು ಯಂತ್ರ ತರಿಸುತ್ತೇವೆಂದರು, ಬೇಡ ಎಂದೆ. ಕಟ್ಟುವವನಿಗೆ ಕೆಡವುವುದೂ ಗೊತ್ತಿರುತ್ತದೆ. ನಡುಮನೆಯ ಗೋಡೆಗೆ ಹಾರೆ ಹಾಕಿದಾಗ ಸುಣ್ಣ ಹಪ್ಪಳ ಹಪ್ಪಳವಾಗಿ ಉದುರಿ ಒಳಗಿನ ಕಪ್ಪು ಕಂಡಿತು. ಕೈಯಿಟ್ಟು ನೋಡಿದೆ. ಇದ್ದಿಲು ಬೆರಳಿಗೆ ಅಂಟಿತು. ಹೆಂಡತಿ ಸಾವಿತ್ರಿ, "ಒಸಿ ಕೂತ್ಕಳಿ" ಎಂದಳು. "ಯಾಕೆ, ನಂಗೇನಾಗದೆ?" ಎಂದೆ. ದಿಟವಾಗಿಯೂ ಏನೂ ಆಗಿರಲಿಲ್ಲ. ಸಂಜೆಯೊಳಗೆ ಆ ಗೋಡೆ ಮುಗಿಯಿತು. ಹೊಸ ಕಟ್ಟಡದ ಗೋಡೆ ಎತ್ತಿದವನೂ ನಾನೇ.

ಈ ಸಲದ ಸಾಹೇಬರು ಬರುವ ಮುಂಚಿನ ದಿನ, ಪಟ್ಟಣದ ಹೈಸ್ಕೂಲಿನಿಂದ ಬಂದಿದ್ದ ಹೆಡ್‌ಮಿಸ್ಟ್ರೆಸ್ಸು ಹೂವಿನ ಹಾರ, ತಿಂಡಿ ಎಂದು ಪಟ್ಟಿ ಮಾಡುತ್ತಿದ್ದರು.

"ಏನೂ ಬ್ಯಾಡ ಮೇಡಂ. ಪಾಠ ಮಾಡ್ತಾ ಇರಿ, ಐಕ್ಳು ಕೂಗಾಡ್ತಾ ಇರ್ಲಿ."

"ಒಂದು ಲೋಟ ಕಾಫಿನಾದ್ರೂ ಬೇಡ್ವಾ? ಏನಂದ್ಕೊಳ್ತಾರೆ?"

"ಬ್ಯಾಡ ಅಂದ್ನಲ್ಲ. ಏನಾದ್ರೂ ಅಂದ್ಕಳ್ಳಿ."

ಹಾಗೆ ಹೇಳಿದವನು ನಾನೇ. ಆದರೂ ಆ ಬೆಳಿಗ್ಗೆ ಮನೆಯಿಂದ ಹೊರಡುವಾಗ ಅವ್ವನ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ನೀರು ತುಂಬಿ, ಮೇಲೆ ತಟ್ಟೆ ಮುಚ್ಚಿ ಬೆಲ್ಲ ಇಟ್ಟುಕೊಂಡು ಬಂದಿದ್ದೆ. ಮೆಟ್ಟಿಲ ಮೇಲೆ ನನ್ನ ಹಿಂದೆ ಟವಲ್ಲು ಮುಚ್ಚಿ ಇಟ್ಟಿದ್ದೆ.

ಸಾಹೇಬರು ಬಂದರು. ನನ್ನ ಮಗನ ವಯಸ್ಸು. ಒಳಗೆ ಒಂದು ಕೋಣೆಯಲ್ಲಿ ಮಗ್ಗಿ, ಇನ್ನೊಂದರಲ್ಲಿ ಪದ್ಯ, ಗದ್ದಲವೋ ಗದ್ದಲ. ಕೋಣೆ ಕೋಣೆ ನೋಡಿದರು, ಕರಿಹಲಗೆ ನೋಡಿದರು, ಬೆಂಚು ಎಣಿಸಿದರು. ಬಿಸಿಲು ಜೋರಾಗಿತ್ತು. ಹೊರಗೆ ಬಂದು ಕತ್ತು ಒರೆಸಿಕೊಳ್ಳುತ್ತ ನನ್ನ ಮುಂದೆ ನಿಂತರು.

"ನೀವು ಯಾರು?"

"ಗಾರೆ ಕೆಲ್ಸದೋನು ಸ್ವಾಮಿ."

"ಕುಡಿಯೋಕೆ ನೀರಿದೆಯಾ ಇಲ್ಲಿ?"

ನನ್ನ ಕೈ ಟವಲ್ಲಿನ ತನಕ ಹೋಯಿತು, ಅಲ್ಲೇ ನಿಂತಿತು. ಡಸ್ಟರಿನ ಹುಡುಗಿ ಬಾಗಿಲಿನಿಂದ, "ನಲ್ಲಿ ಅಲ್ಲಿ ಅದೆ ಸಾರ್" ಎಂದಳು. ಸಾಹೇಬರು ಹೋಗಿ ಬೊಗಸೆಯಲ್ಲಿ ಹಿಡಿದು ಕುಡಿದರು, ಮುಖ ತೊಳೆದರು. ಜೇಬಿನಿಂದ ಪೆನ್ನು ತೆಗೆದು, ಕುಡಿಯುವ ನೀರು ಇದೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಬರೆದುಕೊಂಡರು.

ಆದೇಶ ಬಂತು. ಬೋರ್ಡಿನಿಂದ ಎಕ್ಸ್‌ಟೆನ್ಷನ್ ಎಂಬ ಮಾತನ್ನು ಅಳಿಸಿದರು. ಆ ಹುಡುಗಿ ಈಗ ಇಲ್ಲೇ ಹತ್ತನೇ ಕ್ಲಾಸು. ಆದರೆ ಅದೆಲ್ಲ ಆಮೇಲಿನದು. ಅವತ್ತು ಜೀಪು ಹೋದ ಮೇಲೆ ನಾನು ಟವಲ್ಲು ತೆಗೆದೆ. ಬೆಲ್ಲಕ್ಕೆ ಇರುವೆ ಹತ್ತಿತ್ತು. ನಮ್ಮ ಮನೆಯ ಹೊಸಿಲು ಎಲ್ಲಿತ್ತೆಂಬುದು ಈಗ ನನ್ನೊಬ್ಬನಿಗೇ ಗೊತ್ತು: ಈಗಿನ ಎರಡನೇ ಮೆಟ್ಟಿಲಿನ ಕೆಳಗೆ. ಬೆಲ್ಲವನ್ನು ಇರುವೆಗಳಿಗೆ ಬಿಟ್ಟು ಚೊಂಬಿನ ನೀರನ್ನು ಆ ಮೆಟ್ಟಿಲ ಮೇಲೆ ನಿಧಾನವಾಗಿ ಸುರಿದೆ. ಹೊಸ ಗಾರೆ ನೀರು ಕುಡಿಯುತ್ತದೆ. ಕುಡಿಯಿತು.