ಮಸೀರಾ ದ್ವೀಪದಲ್ಲಿ ಎರಡು ರಾಹುಕಾಲ

ನಾನು ಚಿಕ್ಕವನಿದ್ದಾಗ ಮಸ್ಕತ್ತಿನ ನಮ್ಮ ಮನೆಯಲ್ಲಿ ಎರಡು ಗಡಿಯಾರಗಳಿದ್ದವು ಮಕ್ಕಳೇ, ಎರಡೂ ಸೇರಿ ನನ್ನ ತಲೆ ತಿನ್ನುತ್ತಿದ್ದವು. ಒಂದು ಒಮಾನಿನ ಸಮಯ ತೋರಿಸುತ್ತಿತ್ತು. ಇನ್ನೊಂದು ಒಂದೂವರೆ ಗಂಟೆ ಮುಂದೆ, ಮೈಸೂರಿನ ಸಮಯ. ಊರಿಗೆ ಫೋನ್ ಮಾಡಲು ಅದು ಬೇಕು ಎನ್ನುತ್ತಿದ್ದರು ಅಪ್ಪ. ನಿಜವಾಗಿ ಅದು ಬೇಕಾಗಿದ್ದದ್ದು ಪಂಚಾಂಗ ನೋಡುವುದಕ್ಕೆ!

ಆ ವರ್ಷ ಎಣ್ಣೆಯ ಬೆಲೆ ಬಿದ್ದು ಕಂಪನಿಗಳೆಲ್ಲ ಕೈ ಬಿಗಿ ಹಿಡಿದಿದ್ದವು. ವರ್ಷಕ್ಕೊಮ್ಮೆ ಊರಿಗೆ ಹೋಗಲು ಕೊಡುತ್ತಿದ್ದ ಟಿಕೆಟ್ಟೂ ನಿಂತುಹೋಯಿತು. ಅಪ್ಪ ನೀರಿನ ಪಂಪುಗಳ ಎಂಜಿನಿಯರ್. ಚಳಿಗಾಲದ ರಜೆಯಲ್ಲಿ ಮಸೀರಾ ದ್ವೀಪದ ಪಂಪು ರಿಪೇರಿಗೆ ಹೊರಟವರು, ಊರಿಲ್ಲದಿದ್ದರೆ ದ್ವೀಪವಾದರೂ ಇರಲಿ ಎಂದು ಅಮ್ಮ, ಅಕ್ಕ, ನಾನು ಮೂವರನ್ನೂ ಜೀಪಿಗೆ ತುಂಬಿಕೊಂಡರು. ಇಬ್ರಾ ಪಟ್ಟಣ ದಾಟಿದ ಮೇಲೆ ಬರೀ ಧೂಳು ಕುಡಿದೆವು. ಆಮೇಲೆ ಜೀಪನ್ನು ಫೆರ್ರಿಗೆ ಹತ್ತಿಸಿ ಕಡಲು ದಾಟಿದೆವು.

ದ್ವೀಪ ಚೆಂದವಿತ್ತು, ಸುಳ್ಳೇಕೆ ಹೇಳಲಿ? ನಡುವೆ ಕಂದು ಬೆಟ್ಟಗಳು, ಸುತ್ತ ಬಿಳಿ ಮರಳು, ತಿಳಿಹಸಿರು ನೀರಿನಲ್ಲಿ ಒಂಟಿಕಾಲಲ್ಲಿ ನಿಂತ ಗುಲಾಬಿ ಹಕ್ಕಿಗಳು. ಗಾಳಿ ಮಾತ್ರ ಹಗಲಿಡೀ ಬೀಸಿ ಕಿವಿಗೆಲ್ಲ ಮರಳು ತುಂಬುತ್ತಿತ್ತು. ವಯಸ್ಸಾದ ಮೀನುಗಾರರೊಬ್ಬರು ತಮ್ಮ ಮನೆಯ ಪಕ್ಕದ ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಅವರನ್ನು ನಾವು ಚಾಚಾ ಎನ್ನುತ್ತಿದ್ದೆವು. ಅವರ ಬೇಲಿಯ ಮೇಲೆ ಸೀಳಿದ ಶಾರ್ಕ್ ಮೀನು ಒಣಗುತ್ತಿತ್ತು. ಅವರ ಆಡುಗಳು ಹುಲ್ಲು ಸಿಗದೆ ಒಣಮೀನು ತಿನ್ನುತ್ತಿದ್ದವು! ಆ ಆಡಿನ ಹಾಲು ಹಾಕಿದ ಚಹಾ ಸಸ್ಯಾಹಾರವೋ ಅಲ್ಲವೋ ಎಂದು ಅಮ್ಮ ಎರಡು ದಿನ ಯೋಚಿಸಿ, ಕೊನೆಗೆ ಕಣ್ಣು ಮುಚ್ಚಿ ಕುಡಿದರು.

ಶುಕ್ರವಾರ ನಾವು ಹಿಂತಿರುಗಲೇಬೇಕಿತ್ತು. ಶನಿವಾರ ಬೆಳಿಗ್ಗೆ ಆಫೀಸಿಗೆ ಬಾರದವರ ಕೆಲಸ ಹೋಯಿತೆಂದೇ ತಿಳಿಯಿರಿ ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು. ಕೆಲಸ ಹೋದರೆ ವೀಸಾ ಹೋಗುತ್ತದೆ, ಅಕ್ಕನ ಹತ್ತನೇ ಕ್ಲಾಸು ನಡುವೆಯೇ ನಿಲ್ಲುತ್ತದೆ. ಕಡಲ ದಾರಿಯಲ್ಲಿ ಮರಳ ದಿಬ್ಬಗಳಿದ್ದುದರಿಂದ ನೀರು ಏರಿದಾಗ ಮಾತ್ರ ಫೆರ್ರಿ ಹೊರಡುತ್ತಿತ್ತು, ಅದೂ ದಿನಕ್ಕೆ ಒಂದೇ ಸಲ. ಅವತ್ತು ಹನ್ನೊಂದಕ್ಕೆ ಎಂದು ಚಾಚಾ ಹೇಳಿದ್ದರು.

ಒಂಬತ್ತಕ್ಕೆ ಸರಿಯಾಗಿ ಅಪ್ಪ ಜೀಪಿನ ಕೀಲಿ ಕೆಳಗಿಟ್ಟರು. "ಈಗ ಮೈಸೂರಲ್ಲಿ ಹತ್ತೂವರೆ. ಶುಕ್ರವಾರದ ರಾಹುಕಾಲ ಶುರುವಾಯ್ತು. ಕೂತ್ಕೊಳ್ಳಿ."

"ರೀ, ಸೂರ್ಯ ಇಲ್ಲಿಯೋನು ತಾನೆ? ಇಲ್ಲಿ ಹತ್ತೂವರೆ ಆದಾಗ್ಲೇ ರಾಹುಕಾಲ. ಈಗ್ಲೇ ಹೊರಟ್ಬಿಡೋಣ," ಅಂದರು ಅಮ್ಮ.

"ಪಂಚಾಂಗ ಮೈಸೂರಿಂದು ಕಣೇ!"

ಹತ್ತೂವರೆಯವರೆಗೆ ಇದೇ ಜಗಳ. ಆಮೇಲೆ ಅಪ್ಪ ಎದ್ದರು. ಈಗ ಅಮ್ಮ ಅಡ್ಡ ನಿಂತರು. "ನಂದು ಈಗ ಶುರುವಾಯ್ತು. ಕೆಲಸಕ್ಕೇ ಕುತ್ತು ಬಂದಿರೋವಾಗ ರಿಸ್ಕ್ ಯಾಕ್ರೀ?"

ಅಪ್ಪ ಒಂದು ಕ್ಷಣ ಯೋಚಿಸಿ ಮತ್ತೆ ಕೂತರು. ಕೂತೇಬಿಟ್ಟರು! ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ರಾಮ, ಫೆರ್ರಿ ಹೋಗ್ಬಿಡತ್ತಪ್ಪಾ!" ಕೇಳುವವರು ಯಾರು? ಇಂಥ ದೊಡ್ಡವರನ್ನು ಕಟ್ಟಿಕೊಂಡು ಮಕ್ಕಳು ಹೇಗೆ ಬದುಕಬೇಕು ಹೇಳಿ.

ಹನ್ನೊಂದಕ್ಕೆ ಫೆರ್ರಿ ಕೂಗಿತು. ನಾವು ದಡಕ್ಕೆ ಓಡುವಷ್ಟರಲ್ಲಿ ಅದು ದೂರ ಹೋಗಿತ್ತು. ಅಪ್ಪ ಅದನ್ನೇ ನೋಡುತ್ತ ನಿಂತರು. ನನ್ನ ಸಿಟ್ಟೆಲ್ಲ ಇಳಿದು ಭಯವಾಯಿತು.

ಚಾಚಾ ಅಷ್ಟರಲ್ಲಿ ಶುಭ್ರವಾದ ಬಿಳಿ ನಿಲುವಂಗಿ ತೊಟ್ಟು, ಅತ್ತರು ಹಚ್ಚಿಕೊಂಡು ಮಸೀದಿಗೆ ಹೊರಟಿದ್ದರು. ನಮ್ಮ ಮುಖ ನೋಡಿ ನಿಂತರು. ಅಮ್ಮ ಹರಕು ಹಿಂದಿಯಲ್ಲಿ ಎಲ್ಲ ಹೇಳಿದರು. ರಾಹುಕಾಲ ಅವರಿಗೆ ಅರ್ಥವಾಗಲಿಲ್ಲ, ಕೆಲಸ ಹೋಗುವುದು ಅರ್ಥವಾಯಿತು.

"ಫೆರ್ರಿ ಖಲಾಸ್. ಕಾಮ್ ಖಲಾಸ್ ನಹೀ," ಎಂದು ತಮ್ಮ ಪುಟ್ಟ ಮೋಟಾರು ದೋಣಿ ತೋರಿಸಿದರು. ಅದಕ್ಕೆ ದಿಬ್ಬಗಳ ಕಾಟವಿರಲಿಲ್ಲ.

"ನಿಮ್ಮ ಜುಮ್ಮಾ ನಮಾಜು?" ಎಂದರು ಅಪ್ಪ, ಹಿಂದಿಯಲ್ಲಿ.

"ಅಲ್ಲಾನಿಗೆ ಗೊತ್ತು. ಯಲ್ಲಾ, ನಡೀರಿ!" ಚಾಚಾ ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ನೀರಿಗಿಳಿದರು.

ಅಪ್ಪ ಆಗಲೂ ವಾಚು ನೋಡಿದರು! ಅಮ್ಮನಿಗೇ ರೇಗಿತು. "ಅದನ್ನ ಬಿಚ್ಚಿ ಇಲ್ಲಿ ಕೊಡಿ. ಹತ್ತಿ ರೀ, ಹತ್ತಿ!" ಎಂದು ಬೆನ್ನಿಗೆ ಕೈ ಹಾಕಿ ದೂಡಿದರು.

ಪುಟ್ಟ ದೋಣಿಯಲ್ಲಿ ಅಪ್ಪ ಒಬ್ಬರೇ ಹೋದರು, ಜೀಪೂ ನಾವು ಮೂವರೂ ದ್ವೀಪದಲ್ಲೇ ಉಳಿದೆವು. ಆಚೆ ದಡದಲ್ಲಿ ಅವರಿಗೆ ಮೀನಿನ ಲಾರಿಯೊಂದು ಸಿಕ್ಕಿತಂತೆ. ಶನಿವಾರ ಬೆಳಿಗ್ಗೆ ಅಪ್ಪ ಒಣ ಶಾರ್ಕಿನ ವಾಸನೆ ಹೊತ್ತು ಆಫೀಸಿಗೆ ಕಾಲಿಟ್ಟಾಗ ಎಲ್ಲರೂ ಮೂಗು ಮುಚ್ಚಿಕೊಂಡರಂತೆ. ಕೆಲಸ ಉಳಿಯಿತು. ಮುಂದಿನ ಗುರುವಾರ ರಜೆ ಸಿಕ್ಕಿ ಅಪ್ಪ ಬಂದು ಕರೆದೊಯ್ಯುವವರೆಗೆ ಚಾಚಾನ ಮನೆಯವರು ನಮಗೆ ಅನ್ನ, ಖರ್ಜೂರ, ಮೊಸರು ಕೊಟ್ಟು ನೋಡಿಕೊಂಡರು. ನಮಗೋಸ್ಕರ ಮೀನು ತಾಗದ ಬೇರೆ ಪಾತ್ರೆಯನ್ನೇ ತೆಗೆದಿಟ್ಟಿದ್ದರು.

ಈಗ ಮಸ್ಕತ್ತಿನ ಅಲ್ ಮಬೇಲಾದ ಈ ಫ್ಲ್ಯಾಟಿನಲ್ಲಿ ಕುಳಿತ ನಿಮಗೆ ಫೆರ್ರಿಯ ಸಮಯ ಫೋನಿನಲ್ಲೇ ಗೊತ್ತಾಗುತ್ತದೆ. ಒಳ್ಳೆಯದೇ. ಆದರೆ ಎದುರು ಮನೆಯಲ್ಲಿ ಯಾರಿದ್ದಾರೆ ಎಂದು ನಿನ್ನೆ ಕೇಳಿದರೆ "ಡೋಂಟ್ ನೋ ತಾತ" ಎಂದಿರಲ್ಲ! ಮೂರು ವರ್ಷದಿಂದ ಒಂದೇ ಲಿಫ್ಟಿನಲ್ಲಿ ಹತ್ತಿ ಇಳಿಯುವವರು! ಬೈಯಲು ಬಾಯಿ ತೆರೆದೆ, ಬೈಯಲಾಗಲಿಲ್ಲ. ಒಂದು ವಾರ ಚಾಚಾನ ಮನೆಯ ಅನ್ನ ಉಂಡ ನಾನೂ ಅವರ ಹೆಸರು ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲ, ಅಮ್ಮನೂ ಕೇಳಿರಲಿಲ್ಲ. ಇಂದಿಗೂ ಆ ಮನುಷ್ಯನನ್ನು ಏನೆಂದು ನೆನೆಯಬೇಕೋ ನನಗೆ ಗೊತ್ತಿಲ್ಲ.

ಏಳಿ, ಚಪ್ಪಲಿ ಹಾಕಿಕೊಳ್ಳಿ. ಎದುರು ಮನೆಯ ಬಾಗಿಲು ನಾನು ತಟ್ಟುತ್ತೇನೆ, ಹೆಸರು ನೀವು ಕೇಳಿ.