ಸುಣ್ಣ ಬಿದ್ದ ಕಣ್ಣು

ತುಕ್ಕಾನಟ್ಟಿಯ ಹತ್ತಿರ ನಮ್ಮದೊಂದು ಬೆಲ್ಲದ ಗಾಣವಿತ್ತು. ಕುದಿಯುವ ಕಬ್ಬಿನ ಹಾಲಿಗೆ ಸುಣ್ಣ ಹಾಕಿ ಕೊಳೆ ತೆಗೆಯುವುದು ಅಪ್ಪನ ಕೆಲಸ. ಅದರ ಹದ ತನ್ನೊಬ್ಬನಿಗೇ ಗೊತ್ತು ಎಂಬ ಜಂಬ ಬೇರೆ. ತೊಂಬತ್ತರ ದಶಕದ ಕೊನೆಗೆ, ನನಗಾಗ ಹದಿನಾರು, ಸುಣ್ಣದ ಹರಳು ಕುಟ್ಟುವಾಗ ಪುಡಿ ಸಿಡಿದು ನನ್ನ ಬಲಗಣ್ಣಿಗೆ ಬಿತ್ತು. ಅವ್ವ ನೀರಿನ ಕೊಡ ಎತ್ತಿಕೊಂಡು ಓಡಿಬಂದಳು. ಅಪ್ಪ ಅವಳ ಕೈ ಹಿಡಿದ.

“ನೀರ ಹಾಕಬ್ಯಾಡ. ಸುಣ್ಣ ಕುದೀತೈತಿ.”

ನೀರು ಬಿದ್ದ ಸುಣ್ಣ ಕುದಿಯುವುದನ್ನು ದಿನಾ ನೋಡಿದವನು ಬೇರೇನು ಹೇಳಿಯಾನು? ಕಡಾಯಿಯ ನೊರೆ ಇಳಿಸಲು ಇಟ್ಟಿದ್ದ ಔಡಲ ಎಣ್ಣೆಯನ್ನೇ ಕಣ್ಣಿಗೆ ಬಿಟ್ಟ. ಗೋಕಾಕಿಗೆ ಒಯ್ದಾಗ ಅಲ್ಲಿಯ ಕಣ್ಣಿನ ಡಾಕ್ಟರಮ್ಮ, ನಮ್ಮ ಕಡೆ ಡಾಕ್ಟರ್ ಬಾಯಿ ಅನ್ನುತ್ತೇವೆ, ಮೊದಲು ಮಾಡಿದ್ದೇ ಬಾಟಲಿಗಟ್ಟಲೆ ನೀರು ಬಿಟ್ಟು ತೊಳೆದದ್ದು. “ಆಗಲೇ ನೀರ ಸುರುವಿದ್ರ ಇಷ್ಟ ಸುಡತಿರಲಿಲ್ಲ್ರಿ” ಎಂದರು. ಅಂದಿನಿಂದ ಅಪ್ಪ ಸುಣ್ಣ ಮುಟ್ಟಲಿಲ್ಲ. ಗಾಣವನ್ನು ಕಾಕಾ ನೋಡಿಕೊಂಡರು.

ನನ್ನ ಕಣ್ಣು ಬೆಳ್ಳಗಾಯಿತು. ಮರುವರ್ಷ ದೂರದ ದೊಡ್ಡ ಆಸ್ಪತ್ರೆಯಲ್ಲಿ, ಒಳ್ಳೆಯ ಕಣ್ಣಿನ ಅಂಚಿನಿಂದ, ಹೊಸ ಜೀವಕೋಶ ಹುಟ್ಟುವ ಜಾಗದ ಒಂದು ತೆಳು ಪಟ್ಟಿ ತೆಗೆದು ಸುಟ್ಟ ಕಣ್ಣಿಗೆ ಹೊಲಿದರು. ಮುಂದಿನ ತಪಾಸಣೆಗೆ ಮತ್ತೆ ಗೋಕಾಕು.

“ಹೊಸಾ ಪದರ ಬಂದ್ರ ಸಾಲಂಗಿಲ್ಲ, ಯಜಮಾನ್ರ” ಎಂದರು ಡಾಕ್ಟರ್ ಬಾಯಿ. “ಅದರ ಒಂದೊಂದು ಕೋಶದ ಮ್ಯಾಲ ಸಕ್ರೀವು ಸಣ್ಣ ಸಣ್ಣ ಎಳಿ ಇರತಾವ. ಕಣ್ಣೀರು ಅವನ್ನ ಹಿಡ್ಕೊಂಡ ನಿಲ್ಲತೈತಿ. ಅವು ಬರಲಿಲ್ಲಂದ್ರ ಕಣ್ಣ ಒಣಗಿ ಮತ್ತ ಕೆಡತೈತಿ.”

ಅಪ್ಪ ಕೇಳಿದ: “ಈಕಿಗಿ ಬೆಲ್ಲ ಜಾಸ್ತಿ ತಿನಸಲೇನ್ರಿ?”

“ತಿನಸ್ರಿ, ಅಡ್ಡಿಯಿಲ್ಲ. ಆದ್ರ ಆ ಸಕ್ರಿ ಕೋಶಾನ ಮಾಡ್ಕೋಬೇಕ್ರಿ.”

ವರ್ಷದ ಮೇಲೆ ನಾನು ನಕ್ಕದ್ದು ಅವತ್ತೇ. ಅಪ್ಪನಿಗೆ ಮಾತ್ರ ನಗು ಬರಲಿಲ್ಲ.

ತಿಂಗಳಿಗೊಮ್ಮೆ ಬಸ್ಸು ಹತ್ತುತ್ತಿದ್ದೆವು. ಹಳದಿ ಔಷಧಿ ಬಿಟ್ಟು, ನೀಲಿ ಬೆಳಕು ಹಿಡಿದು, ಕಣ್ಣೀರಿನ ಪೊರೆ ಎಷ್ಟು ಹೊತ್ತು ನಿಲ್ಲುತ್ತದೆಂದು ಅವರು ಎಣಿಸುತ್ತಿದ್ದರು. ಮೊದಲ ನಾಲ್ಕು ತಿಂಗಳು, ಎರಡು ಎಣಿಸುವಷ್ಟರಲ್ಲಿ ಅದು ಹರಿದುಹೋಗುತ್ತಿತ್ತು. ನನಗೆ ಆ ಎಣಿಕೆಯೆಂದರೆ ಹೆದರಿಕೆ. ಐದನೆಯ ತಿಂಗಳು ಎಂಟರವರೆಗೆ ಎಣಿಸಿ, “ನಿಂತೈತ್ರಿ, ನೀವೂ ನೋಡ್ರಿ” ಎಂದು ಅಪ್ಪನನ್ನು ಕರೆದರು. ಅವನು ಯಂತ್ರದ ಮೇಲೆ ಬಾಗಿದ. ನನ್ನ ಕಣ್ಣಲ್ಲಿ ನೀರು ನಿಂತದ್ದನ್ನು ಅವರು ಸಾಕೆನ್ನುವವರೆಗೂ ನೋಡಿದ. ಗೋಡೆಯ ಮೇಲಿನ ದೊಡ್ಡ ಅಕ್ಷರ ಅವತ್ತು ಆ ಕಣ್ಣಿಗೂ ಕಂಡಿತು.

ಊರಿಗೆ ಬಂದವನೇ ಅಪ್ಪ ಗಾಣಕ್ಕೆ ಹೋಗಿ, ಸುಣ್ಣದ ಡಬ್ಬಿಯ ಬಾಜೂ ನೀರು ತುಂಬಿದ ಕೊಡ ಇಟ್ಟ.

“ಅವತ್ತ ನಿನ್ನ ಕೈ ಹಿಡೀಬಾರದಾಗಿತ್ತು” ಎಂದ ಅವ್ವನಿಗೆ.

ಅವ್ವ ಕೊಡ ನೋಡಿದಳು. “ಇನ್ನೊಂದು ಇಡ್ರಿ” ಎಂದಳು.